ಚೇಳಿನ ವಿಷ ಮತ್ತು ದಾರಿಯಲ್ಲಿ ಕಳೆಯುವ ತಾಸುಗಳು: ಒಬ್ಬ ವೈದ್ಯಾಧಿಕಾರಿಯ ಅನುಭವ

ಯಾದಗಿರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯಾಧಿಕಾರಿಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆ ಭಾಗದ ಜನರನ್ನು ಕಾಡುವ ಕಾಯಿಲೆಗಳು ಯಾವುವೆಂದು ತಿಳಿಯಲು ನಾನು ಹಳೆಯ ಹೊರರೋಗಿ ರಿಜಿಸ್ಟರುಗಳನ್ನು ತಿರುವಿ ಹಾಕಿದೆ. ಜ್ವರ, ಭೇದಿ, ರಕ್ತಹೀನತೆ, ನಾಯಿ ಕಡಿತ, ಹಾವಿನ ಕಡಿತ ಎಲ್ಲವೂ ಅವುಗಳಲ್ಲಿದ್ದವು; ಚೇಳಿನ ಹೆಸರು ಮಾತ್ರ ಅಪರೂಪವಾಗಿತ್ತು. ಆದರೆ ಬೇಸಿಗೆಯ ರಾತ್ರಿಗಳಲ್ಲಿ ಕೇಂದ್ರದ ಬಾಗಿಲು ಬಡಿಯುತ್ತಿದ್ದವರಲ್ಲಿ ಚೇಳು ಕಡಿಸಿಕೊಂಡವರೇ ಹೆಚ್ಚಾಗಿದ್ದರು. ಈ ಎರಡಕ್ಕೂ ಏಕೆ ತಾಳೆಯಾಗುತ್ತಿಲ್ಲ ಎಂದು ರಿಜಿಸ್ಟರನ್ನು ಸಾಲು ಸಾಲಾಗಿ ನೋಡಿದಾಗ ಕಾರಣ ತಿಳಿಯಿತು. ಚೇಳು ಕಡಿದವರು 'ಕೀಟ ಕಡಿತ' ಎಂದೋ 'ಅಪರಿಚಿತ ಕಡಿತ' ಎಂದೋ ದಾಖಲಾಗಿದ್ದರು, ನೋವಿನ ಇಂಜೆಕ್ಷನ್ ಪಡೆದು ಮನೆಗೆ ಹೋಗಿದ್ದರು. ಪರಿಸ್ಥಿತಿ ಕೆಟ್ಟು ದೊಡ್ಡ ಆಸ್ಪತ್ರೆಗೆ ಹೋದವರ ಹೆಸರಿನ ಮುಂದೆ 'ಉಸಿರಾಟದ ತೊಂದರೆ' ಎಂದಷ್ಟೇ ಇತ್ತು. ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಚೇಳಿನ ವಿಷಕ್ಕೆ ಟಿ63.2 ಎಂಬ ಪ್ರತ್ಯೇಕ ಸಂಕೇತವಿದೆ. ಆ ಸಂಕೇತವನ್ನು ಬರೆಯುವ ಕೈಗಳು ನಮ್ಮ ಕಡೆ ಕಡಿಮೆ.

ಎಣಿಕೆಗೆ ಬಾರದ ಕಾಯಿಲೆಗೆ ಔಷಧಿಯ ಇಂಡೆಂಟಿನಲ್ಲಿ (ಬೇಡಿಕೆ ಪಟ್ಟಿಯಲ್ಲಿ) ಜಾಗ ಸಿಗುವುದಿಲ್ಲ, ತರಬೇತಿಯಲ್ಲಿ ಸಮಯ ಸಿಗುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನರನ್ನು ಚೇಳು ಕಡಿಯುತ್ತದೆ, 3,250ಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂಬ ಅಂದಾಜು 2008ರಲ್ಲಿ ಪ್ರಕಟವಾಯಿತು. ಇಂದಿಗೂ ಎಲ್ಲರೂ ಅದನ್ನೇ ಉಲ್ಲೇಖಿಸುತ್ತಾರೆ. ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾ, ದಕ್ಷಿಣ ಭಾರತ, ಮೆಕ್ಸಿಕೊ, ಬ್ರೆಜಿಲ್ ಹೀಗೆ ಬಿಸಿಲಿನ ನಾಡುಗಳಲ್ಲೇ ಈ ಹೊರೆಯೆಲ್ಲ ಇದೆ. ಮೆಕ್ಸಿಕೊದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಪ್ರಕರಣಗಳು ದಾಖಲಾಗುತ್ತವೆ, ಆದರೂ ಸಾವುಗಳು ನೂರರೊಳಗಿವೆ, ಏಕೆಂದರೆ ಅಲ್ಲಿ ಪ್ರತಿ ಪ್ರಕರಣವನ್ನು ಬರೆದಿಡುತ್ತಾರೆ, ಪ್ರತಿವಿಷವನ್ನು ಹಳ್ಳಿಯ ಮಟ್ಟಕ್ಕೆ ಮುಟ್ಟಿಸುತ್ತಾರೆ. ಬ್ರೆಜಿಲ್ ಕೂಡ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಪರಿಗಣಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವಿನ ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ನಮ್ಮ ರಾಜ್ಯವು 2024ರಲ್ಲಿ ಹಾವಿನ ಕಡಿತವನ್ನು ಅಧಿಸೂಚಿತ, ಅಂದರೆ ಕಡ್ಡಾಯವಾಗಿ ವರದಿ ಮಾಡಬೇಕಾದ, ಕಾಯಿಲೆಯೆಂದು ಘೋಷಿಸಿತು. ಎರಡೂ ಒಳ್ಳೆಯ ಕೆಲಸಗಳು. ಚೇಳಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಇನ್ನೂ ಸಿಕ್ಕಿಲ್ಲ.

ನಮ್ಮ ಭಾಗದ ಮನೆಗಳನ್ನು ನೋಡಿದವರಿಗೆ ಇಲ್ಲಿ ಚೇಳು ಏಕೆ ಹೆಚ್ಚು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಶಹಾಬಾದಿನ ಪರ್ಸಿ ಕಲ್ಲನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆ, ಕೆಲವೆಡೆ ಮಾಳಿಗೆಗೂ ಅದೇ ಕಲ್ಲು. ಎರಡು ಪದರಗಳ ನಡುವಿನ ಮಣ್ಣು ಉದುರಿ ಹೋದಲ್ಲಿ ಬೆರಳು ತೂರುವಷ್ಟು ಸಂದು. ಹಗಲೆಲ್ಲ ತಂಪಾಗಿ, ಕತ್ತಲೆಯಾಗಿ ಇರುವ ಆ ಸಂದಿಗಿಂತ ಒಳ್ಳೆಯ ಜಾಗ ಚೇಳಿಗೆ ಬೇರೆ ಬೇಕಿಲ್ಲ. ಗೋಡೆಗೆ ಒತ್ತಿಕೊಂಡೇ ತೊಗರಿ ಕಟ್ಟಿಗೆಯ ರಾಶಿ, ಕುಳ್ಳಿನ ಬಣವೆ, ಮನೆ ಕಟ್ಟಿ ಉಳಿದ ಇಟ್ಟಿಗೆ ಇರುತ್ತವೆ. ಬೆಳಗಿನ ಜಾವ ಒಲೆ ಹಚ್ಚಲು ಕಟ್ಟಿಗೆ ಎಳೆಯುವ ಹೆಣ್ಣುಮಕ್ಕಳಿಗೆ ಕೈಬೆರಳಿಗೆ ಕಡಿಯುತ್ತದೆ, ರಾತ್ರಿ ಬಯಲಿಗೆ ಹೋಗುವ ಮಕ್ಕಳಿಗೆ ಪಾದಕ್ಕೆ ಕಡಿಯುತ್ತದೆ, ಹೊಲದ ಬದುವಿನ ಕಲ್ಲು ಎತ್ತುವ ಗಂಡಸರಿಗೆ ಅಂಗೈಗೆ ಕಡಿಯುತ್ತದೆ. ಸೆಕೆಗೆ ತಾಳಲಾರದೆ ಎಲ್ಲರೂ ಅಂಗಳದಲ್ಲಿ ನೆಲದ ಮೇಲೆ ಮಲಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ, ಮತ್ತೆ ಮೊದಲ ಮಳೆ ಬಿದ್ದು ಬಿಲಗಳಿಗೆ ನೀರು ನುಗ್ಗಿದಾಗ, ನಮ್ಮ ಕೇಂದ್ರಕ್ಕೆ ಬರುವವರ ಸಂಖ್ಯೆ ಏರುತ್ತದೆ. ಕಡಿಸಿಕೊಳ್ಳುವವರು ಯಾರು ಎಂಬುದನ್ನು ಮನೆಯ ಗೋಡೆ, ಮಲಗುವ ಜಾಗ ಮತ್ತು ಮಾಡುವ ಕೂಲಿ ಈ ಮೂರೇ ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಸಿಮೆಂಟಿನ ಮನೆಯಲ್ಲಿ ಮಂಚದ ಮೇಲೆ ಮಲಗುವವರು ನನ್ನ ಬಳಿ ಚೇಳಿನ ಕಡಿತಕ್ಕೆಂದು ಬಂದದ್ದು ತೀರಾ ಕಡಿಮೆ.

ಜನ ಹೆಚ್ಚು ಹೆದರುವುದು ಕರಿ ಚೇಳಿಗೆ. ಅಂಗೈ ಉದ್ದ ಬೆಳೆಯುವ, ದಪ್ಪ ಇಕ್ಕಳಗಳ ಆ ಚೇಳು ನೋಡಲು ಭಯಂಕರವಾಗಿದ್ದರೂ ಅದರ ವಿಷದಿಂದ ಸಾಮಾನ್ಯವಾಗಿ ನೋವು, ಊತಕ್ಕಿಂತ ಹೆಚ್ಚಿನ ಅಪಾಯವಿಲ್ಲ. ಪ್ರಾಣಕ್ಕೆ ಎರವಾಗುವುದು ಕೆಂಪು ಚೇಳು, ವೈಜ್ಞಾನಿಕವಾಗಿ ಹೊಟ್ಟೆಂಟೊಟ್ಟಾ ಟಾಮುಲಸ್. ನಾಲ್ಕರಿಂದ ಒಂಬತ್ತು ಸೆಂಟಿಮೀಟರ್ ಉದ್ದ, ತೆಳ್ಳಗಿನ ಇಕ್ಕಳ, ಅದಕ್ಕೆ ಹೋಲಿಸಿದರೆ ದಪ್ಪನೆಯ ಬಾಲ. ಇಕ್ಕಳ ದಪ್ಪವಿದ್ದರೆ ಬಾಲದ ವಿಷ ಸೌಮ್ಯ, ಇಕ್ಕಳ ಸಣ್ಣದಿದ್ದು ಬಾಲ ದಪ್ಪವಿದ್ದರೆ ಜೋಪಾನ ಎಂದು ನಾನು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡುತ್ತೇನೆ. ಆದರೆ ಚೇಳನ್ನು ಹಿಡಿದು ತನ್ನಿ ಎಂದು ಯಾರಿಗೂ ಹೇಳುವುದಿಲ್ಲ. ಅದನ್ನು ಹುಡುಕುವುದರಲ್ಲೇ ಸಮಯ ಹೋಗುತ್ತದೆ, ಇನ್ನೊಬ್ಬರಿಗೂ ಕಡಿಯಬಹುದು; ಚಿಕಿತ್ಸೆಗೆ ಚೇಳು ಬೇಕಾಗಿಲ್ಲ, ರೋಗಿಯ ಮೈ ನೋಡಿದರೆ ಸಾಕು.

ಆ ಮೈಯನ್ನು ಓದುವುದು ಹೇಗೆ ಎಂಬುದೇ ಈ ಕೆಲಸದ ತಿರುಳು. ಕೆಂಪು ಚೇಳಿನ ವಿಷವು ನರಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಹಾದುಹೋಗುವ ದಾರಿಗಳನ್ನು ಕೆಡಿಸಿ, ನಮ್ಮ ಹಿಡಿತಕ್ಕೆ ಸಿಗದೆ ತಾನಾಗಿ ನಡೆಯುವ ನರವ್ಯೂಹವನ್ನು ಒಮ್ಮೆಲೇ ಕೆರಳಿಸುತ್ತದೆ. ಮೊದಲು ವಾಂತಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ತೊಯ್ಯುವಂತಹ ಬೆವರು, ಗಂಡಸರಲ್ಲಿ ಶಿಶ್ನ ನಿಮಿರಿ ಹಾಗೆಯೇ ನಿಲ್ಲುವುದು (ಇದನ್ನು ಹೇಳಲು ನಾಚಿಕೊಳ್ಳುತ್ತಾರೆ, ಆದ್ದರಿಂದ ನಾವೇ ಕೇಳಬೇಕು) ಕಾಣಿಸಿಕೊಳ್ಳುತ್ತವೆ. ಆಮೇಲೆ ಅಡ್ರಿನಾಲಿನ್‌ನಂತಹ ದ್ರವ್ಯಗಳು ರಕ್ತಕ್ಕೆ ಸುರಿದು, ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯ ಓಡತೊಡಗುತ್ತದೆ. ಬಿಗಿದ ನಾಳಗಳಿಗೆ ಎದುರಾಗಿ ರಕ್ತ ತಳ್ಳಿ ತಳ್ಳಿ ಹೃದಯದ ಸ್ನಾಯು ಸೋತಾಗ ಶ್ವಾಸಕೋಶಗಳಲ್ಲಿ ನೀರು ತುಂಬುತ್ತದೆ. ಕೆಮ್ಮು, ಏದುಸಿರು, ಕೊನೆಗೆ ಬಾಯಲ್ಲಿ ನಸುಗೆಂಪು ನೊರೆ. ಇಷ್ಟೆಲ್ಲ ಕೆಲವೇ ತಾಸುಗಳಲ್ಲಿ ಆಗಿಹೋಗಬಹುದು. ಮಕ್ಕಳ ಮೈ ಸಣ್ಣದು, ಆದರೆ ಚೇಳು ಬಿಡುವ ವಿಷ ದೊಡ್ಡವರಿಗೆ ಬಿಡುವಷ್ಟೇ. ಹೀಗಾಗಿ ಸಾವುಗಳಲ್ಲಿ ಮಕ್ಕಳ ಪಾಲು ದೊಡ್ಡದು.

ಒಂದು ಪ್ರಕರಣವನ್ನು ವಿವರವಾಗಿ ಹೇಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಮೇ ತಿಂಗಳ ಒಂದು ರಾತ್ರಿ, ಆರೇಳು ವರ್ಷದ ಹುಡುಗಿಯೊಬ್ಬಳನ್ನು ಟಂಟಂನಲ್ಲಿ ಹಾಕಿಕೊಂಡು ತಂದೆತಾಯಿ ಬಂದರು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡಿದ್ದ ತಂದೆಯ ಮುಖದಲ್ಲಿ ಗಾಬರಿಗಿಂತ ಸಮಾಧಾನವೇ ಕಾಣುತ್ತಿತ್ತು. "ಮೊದ್ಲ ಭಾಳ ಅಳ್ತಿದ್ಳ್ರೀ ಸರ್, ಅಜ್ಜ ಮಂತ್ರ ಹಾಕಿದ ಮ್ಯಾಲ ಸುಮ್ಮನಾಗ್ಯಾಳ. ಒಂದ್ ಸೂಜಿ ಮಾಡಿ ಕಳಸ್ರಿ," ಎಂದರು. ಮಗು ಸುಮ್ಮನಿದ್ದಳು ನಿಜ. ಆದರೆ ಅವಳ ಲಂಗ ಬೆವರಿಗೆ ಒದ್ದೆಯಾಗಿ ತೊಡೆಗೆ ಅಂಟಿಕೊಂಡಿತ್ತು, ತುಟಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಹೊರಗೆ ಅಷ್ಟು ಸೆಕೆಯಿರುವಾಗಲೂ ಅವಳ ಪಾದ ಹಿಡಿದರೆ ಮಂಡಿಯವರೆಗೆ ತಣ್ಣಗಿತ್ತು. ನಾಡಿ ಎಣಿಸಲು ಕಷ್ಟವಾಗುವಷ್ಟು ವೇಗವಾಗಿತ್ತು. ಕಡಿದ ಹೆಬ್ಬೆರಳನ್ನು ನನ್ನ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಾಗ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಕಡಿದದ್ದನ್ನು ಯಾರೂ ನೋಡಿರದಿದ್ದರೂ ಚೇಳೇ ಎಂದು ಹೇಳಲು ಆ ತಟ್ಟುವಿಕೆ ಬಹಳ ಸಹಾಯ ಮಾಡುತ್ತದೆ. ಅಳು ನಿಂತದ್ದು ನೋವು ಇಳಿದದ್ದರಿಂದ ಅಲ್ಲ, ಅಳುವ ತ್ರಾಣ ಉಳಿಯದಿದ್ದರಿಂದ. ಕಡಿದು ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಊಟದ ಹೊತ್ತಿಗೆ ಕಡಿದಿತ್ತು, ಅಜ್ಜನ ಮನೆಯಲ್ಲಿ ಎರಡು ತಾಸು ಹೋಗಿತ್ತು.

ಆ ಮಗುವಿಗೆ ನಾವು ಮಾಡಿದ ಚಿಕಿತ್ಸೆ ಸರಳವಾದದ್ದು. ತೂಕ ನೋಡಿ, ಕಿಲೋಗೆ 30 ಮೈಕ್ರೋಗ್ರಾಂ ಲೆಕ್ಕದಲ್ಲಿ, ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಪ್ರಾಜೋಸಿನ್ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಕುಡಿಸಿದೆವು, ಅಂದರೆ ಅವಳಿಗೆ ಒಂದು ಮಿಲಿಗ್ರಾಂ ಮಾತ್ರೆಯ ಸುಮಾರು ಅರ್ಧ. ಕುಡಿಸಿದ ಮೇಲೆ ಅವಳನ್ನು ಮಲಗಿಸಿಯೇ ಇರಿಸಿದೆವು. ಮೊದಲ ಗುಳಿಗೆಯ ನಂತರ ಎಬ್ಬಿಸಿ ಕೂರಿಸಿದರೆ, ಹೆಗಲ ಮೇಲೆ ಎತ್ತಿಕೊಂಡರೆ, ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಎಷ್ಟು ಹೇಳಿದರೂ ತಾಯಂದಿರ ಕೈ ಮಗುವಿನ ಕಡೆಗೆ ಹೋಗುತ್ತದೆ, ಹೀಗಾಗಿ ನರ್ಸ್ ಒಬ್ಬರು ಪಕ್ಕದಲ್ಲೇ ಕುಳಿತಿರಬೇಕಾಗುತ್ತದೆ. ಬೆವರು, ವಾಂತಿಯಲ್ಲಿ ಹೋದ ನೀರನ್ನು ಓಆರ್‌ಎಸ್‌ ಮೂಲಕ ಗುಟುಕು ಗುಟುಕಾಗಿ ತುಂಬಿದೆವು. ಆಕ್ಸಿಜನ್ ಹಚ್ಚಿ, ಅರ್ಧ ತಾಸಿಗೊಮ್ಮೆ ನಾಡಿ, ರಕ್ತದೊತ್ತಡ, ಉಸಿರಿನ ಸದ್ದು ಮತ್ತು ಪಾದದ ಬಿಸಿಯನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋದೆವು. ಮೂರು ತಾಸಿನ ನಂತರ ಎರಡನೆಯ ಗುಳಿಗೆ ಕೊಟ್ಟೆವು. ನಸುಕಿನ ಹೊತ್ತಿಗೆ ಮಂಡಿ, ಆಮೇಲೆ ಮೀನಖಂಡ, ಕೊನೆಗೆ ಪಾದ ಬೆಚ್ಚಗಾದವು. ಬೆಳಿಗ್ಗೆ ಅವಳು ಹೆಬ್ಬೆರಳು ಹಿಡಿದುಕೊಂಡು ಜೋರಾಗಿ ಅಳತೊಡಗಿದಾಗ ತಾಯಿ ಹೆದರಿದರು. ನಮಗೆ ಅದು ಬೇಕಾಗಿದ್ದ ಲಕ್ಷಣವೇ ಆಗಿತ್ತು. ವಿಷದ ಪ್ರಭಾವ ಇಳಿಯುವಾಗ ಕಡಿದ ಜಾಗದ ನೋವು ಹೆಚ್ಚಾಗಿ ತಿಳಿಯುತ್ತದೆ, ಅದಕ್ಕೆ ಪ್ಯಾರಾಸಿಟಮಾಲ್, ತೀರಾ ಹೆಚ್ಚಿದ್ದರೆ ಆ ಜಾಗವನ್ನು ಮರಗಟ್ಟಿಸುವ ಲಿಗ್ನೋಕೇನ್ ಸಾಕಾಗುತ್ತದೆ.

ಈ ಪ್ರಾಜೋಸಿನ್ ಚಿಕಿತ್ಸೆ ನಮ್ಮ ನೆರೆಯ ಮಹಾರಾಷ್ಟ್ರದ ಹಳ್ಳಿಗಾಡಿನಲ್ಲಿ ಹುಟ್ಟಿದ್ದು ಎಂಬುದನ್ನು ನಾನು ಕಿರಿಯ ವೈದ್ಯರಿಗೆ ಪ್ರತಿ ಸಲವೂ ಹೇಳುತ್ತೇನೆ. ರಾಯಗಡ ಜಿಲ್ಲೆಯ ಮಹಾಡ್ ಭಾಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾಗಿ ವೃತ್ತಿ ಆರಂಭಿಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು, ಚೇಳು ಕಡಿದವರು ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುವುದನ್ನು ಕಣ್ಣಾರೆ ಕಂಡು, ಹಾಸಿಗೆಯ ಪಕ್ಕದಲ್ಲೇ ಕುಳಿತು ಲಕ್ಷಣಗಳನ್ನು ಗುರುತು ಹಾಕಿಕೊಂಡರು. ಅಪಾಯದ ಮುನ್ಸೂಚನೆಗಳ ಕುರಿತ ಅವರ ಬರಹ 1982ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು, ಪ್ರಾಜೋಸಿನ್ ಬಳಕೆಯ ಬರಹ 1986ರಲ್ಲಿ ಅದೇ ಪತ್ರಿಕೆಯಲ್ಲಿ ಬಂದಿತು. ರಕ್ತದೊತ್ತಡಕ್ಕೆಂದು ಬಳಸುತ್ತಿದ್ದ ಅಗ್ಗದ ಮಾತ್ರೆಯೊಂದು, ಬಿಗಿದ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಮೇಲಿನ ಭಾರವನ್ನು ಇಳಿಸಬಲ್ಲದು ಎಂದು ಅವರು ತೋರಿಸಿದರು. ಅದಕ್ಕೂ ಮೊದಲು, ತೀವ್ರ ಲಕ್ಷಣಗಳೊಂದಿಗೆ ಬಂದವರಲ್ಲಿ ಮೂವರಿಗೊಬ್ಬರಂತೆ ಸಾಯುತ್ತಿದ್ದ ಕಾಲವಿತ್ತು. ಪ್ರಾಜೋಸಿನ್ ಬಂದ ಮೇಲೆ ಆ ಪ್ರಮಾಣ ನೂರಕ್ಕೆ ಕೆಲವರಿಗೆ ಇಳಿಯಿತು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ನಮ್ಮಂಥವರಿಗೆ ಆದ ಸಂತೋಷ ಬೇರೆಯದೇ ಆಗಿತ್ತು. ಸಂಶೋಧನೆ ದೊಡ್ಡ ನಗರದ ದೊಡ್ಡ ಆಸ್ಪತ್ರೆಯಲ್ಲೇ ನಡೆಯಬೇಕೆಂದೇನೂ ಇಲ್ಲ ಎಂಬುದನ್ನು ನಾನು ಅವರ ಕೆಲಸದಿಂದಲೇ ನಂಬಿದ್ದೇನೆ.

ಪ್ರತಿವಿಷದ ವಿಚಾರದಲ್ಲಿ ಗೊಂದಲ ಬಹಳ. ಕೆಂಪು ಚೇಳಿಗೆಂದೇ ತಯಾರಿಸಿದ ಪ್ರತಿವಿಷ ನಮ್ಮ ದೇಶದಲ್ಲಿದೆ, ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಅದನ್ನು ತಯಾರಿಸಿತು. ಡಾ. ಬಾವಸ್ಕರ್ ದಂಪತಿ ಮಹಾಡ್‌ನಲ್ಲಿ 70 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿ, 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಜೋಸಿನ್ ಜೊತೆಗೆ ಪ್ರತಿವಿಷವನ್ನೂ ಪಡೆದ 35 ಜನರಲ್ಲಿ 32 ಜನ ಹತ್ತು ತಾಸಿನೊಳಗೆ ಪೂರ್ತಿ ಚೇತರಿಸಿಕೊಂಡಿದ್ದರು. ಪ್ರಾಜೋಸಿನ್ ಮಾತ್ರ ಪಡೆದ 35 ಜನರಲ್ಲಿ ಅಷ್ಟೇ ಹೊತ್ತಿಗೆ ಚೇತರಿಸಿಕೊಂಡವರು 8 ಜನ. ಆದ್ದರಿಂದ ಮೈಗೆ ವಿಷವೇರಿದ ರೋಗಿಗೆ ಪ್ರತಿವಿಷ ಸಿಕ್ಕರೆ ಕೊಡಬೇಕು. ಹಾಗೆಂದು ಕಡಿಸಿಕೊಂಡವರಿಗೆಲ್ಲ ಅದು ಬೇಕಿಲ್ಲ. ಟುನೀಷಿಯಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ತೀವ್ರತೆ ನೋಡದೆ ಎಲ್ಲರಿಗೂ ಪ್ರತಿವಿಷ ಕೊಡುವುದರಿಂದ ಪ್ರಯೋಜನವಿಲ್ಲ ಎಂದು ತೋರಿಸಿತು. ಹಾವಿನ ಪ್ರತಿವಿಷವನ್ನು ಚೇಳಿಗೆ ಕೊಡುವುದು ಮಾತ್ರ ಶುದ್ಧ ವ್ಯರ್ಥ. ಅದರಿಂದ ಅಲರ್ಜಿಯ ಅಪಾಯವಷ್ಟೇ ಸಿಗುತ್ತದೆ, ಹಾವು ಕಡಿದವರಿಗೆ ಬೇಕಾದ ಸೀಸೆಗಳೂ ಖಾಲಿಯಾಗುತ್ತವೆ. ಬೇರೆಡೆಯಿಂದ ನಮ್ಮಲ್ಲಿಗೆ ಬರುವ ರೋಗಿಗಳ ಚೀಟಿಗಳಲ್ಲಿ ಇದನ್ನು ನಾನು ಹಲವು ಸಲ ನೋಡಿದ್ದೇನೆ. ಅವೇ ಚೀಟಿಗಳಲ್ಲಿ ಸ್ಟೀರಾಯ್ಡ್, ಅಲರ್ಜಿಯ ಇಂಜೆಕ್ಷನ್, ಅಟ್ರೋಪಿನ್ ಇರುತ್ತವೆ. ಮೊದಲ ಎರಡರಿಂದ ಲಾಭವಿಲ್ಲ. ಅಟ್ರೋಪಿನ್ ವಾಂತಿ, ಬೆವರನ್ನು ಒಣಗಿಸಿ ರೋಗಿ ಸುಧಾರಿಸಿದಂತೆ ತೋರಿಸುತ್ತದೆ, ಒಳಗೆ ಮಾತ್ರ ಆಗಲೇ ಓಡುತ್ತಿರುವ ಹೃದಯವನ್ನು ಇನ್ನಷ್ಟು ಓಡಿಸುತ್ತದೆ. ಹೀಗೆ ಬರೆಯುವವರು ಕೆಟ್ಟ ವೈದ್ಯರೇನಲ್ಲ. ವೈದ್ಯಕೀಯ ಓದಿನಲ್ಲಿ ಚೇಳಿಗೆ ಸಿಗುವ ಜಾಗ ಅಷ್ಟು ಕಿರಿದು.

ಮಂತ್ರ ಹಾಕುವ ಅಜ್ಜನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕೆಲಸದ ದಿಕ್ಕು ಬದಲಾದದ್ದು ಅಲ್ಲಿಂದ. ನಮ್ಮ ಜಿಲ್ಲೆಯ ಗುರುಮಠಕಲ್ ಭಾಗದ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಬೆಟ್ಟ ಹತ್ತಿ, ಕಲ್ಲುಗಳ ಕೆಳಗಿನ ಚೇಳುಗಳನ್ನು ಹಿಡಿದು ಕೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುವ ಜಾತ್ರೆ ನಡೆಯುತ್ತದೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಹರಕೆ ಹೊತ್ತವರಿಗೆ ಚೇಳಿನ ಕಾಟವಿಲ್ಲವೆಂಬ ನಂಬಿಕೆಯಿದೆ. ಚೇಳಿನೊಂದಿಗೆ ಇಷ್ಟು ಹಳೆಯ ನಂಟಿರುವ ಜನರ ಮುಂದೆ ನಿಂತು, ನಿಮ್ಮ ನಂಬಿಕೆ ಸುಳ್ಳು ಎಂದು ಭಾಷಣ ಮಾಡಿದರೆ ಅವರು ಮುಂದಿನ ಸಲ ನನ್ನ ಬಳಿ ಬರುವುದೇ ಇಲ್ಲ. ಮಂತ್ರಕ್ಕೆ ಹೆಸರು ಬರಲು ಕಾರಣವೂ ಸರಳವಾಗಿದೆ. ಚೇಳು ಕಡಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ನೋವಷ್ಟೇ ಇರುತ್ತದೆ, ಮಂತ್ರ ಹಾಕಿದರೂ ಬಿಟ್ಟರೂ ಅದು ಕೆಲವು ತಾಸುಗಳಲ್ಲಿ ತಾನಾಗಿ ಇಳಿಯುತ್ತದೆ. ಉಳಿದ ಕೆಲವರ ಪಾಲಿಗೆ ಆ ತಾಸುಗಳೇ ಜೀವದ ಪ್ರಶ್ನೆ, ಮತ್ತು ಯಾರು ಯಾವ ಗುಂಪಿಗೆ ಸೇರುತ್ತಾರೆಂದು ಮೊದಲ ಅರ್ಧ ತಾಸಿನಲ್ಲಿ ಯಾರಿಗೂ ಖಚಿತವಾಗಿ ತಿಳಿಯುವುದಿಲ್ಲ.

ಆದ್ದರಿಂದ ನಾನು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು, ಸುತ್ತಲಿನ ಊರುಗಳಲ್ಲಿ ಮಂತ್ರ ಹಾಕುವ ಹಿರಿಯರನ್ನು ಅವರ ಮನೆಯಲ್ಲೇ ಭೇಟಿಯಾಗತೊಡಗಿದೆ. ಅವರಲ್ಲಿ ಹೆಚ್ಚಿನವರು ಹಣ ಮುಟ್ಟುವುದಿಲ್ಲ. ಅಪರಾತ್ರಿಯಲ್ಲಿ ಎದ್ದು ಬಂದು ಪಕ್ಕದಲ್ಲಿ ಕೂರುತ್ತಾರೆ, ಮತ್ತು ಊರಿನವರ ಮಾತು ಅವರಲ್ಲಿಗೇ ಮೊದಲು ತಲುಪುತ್ತದೆ. ಒಬ್ಬ ಅಜ್ಜನೊಂದಿಗಿನ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. "ಅಜ್ಜಾರ, ನೀವು ಮಂತ್ರ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹಾಕೂಮುಂದ ಕಾಲು ಮುಟ್ಟಿ ನೋಡ್ರಿ. ತಣ್ಣಗಿದ್ರ, ಬೆವತಿದ್ರ, ವಾಂತಿ ಆಗಿದ್ರ ಒಂದ್ ಗಳಿಗಿನೂ ಇಟ್ಕೊಬ್ಯಾಡ್ರಿ," ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಕಾಲು ತಣ್ಣಗಾದವ್ರು ಉಳಿಯೂದಿಲ್ಲ ಅಂತ ನಮ್ಮಪ್ಪನೂ ಹೇಳ್ತಿದ್ದರಿ, ಡಾಕ್ಟ್ರೇ," ಎಂದರು. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಮನೆತನದ ಅನುಭವದಿಂದ ಬಲ್ಲವರಾಗಿದ್ದರು. ಹಾಗಾದವರು ಈಗ ಉಳಿಯುತ್ತಾರೆ ಎಂಬ ಸುದ್ದಿ ಮಾತ್ರ ಅವರಿಗೆ ಮುಟ್ಟಿರಲಿಲ್ಲ. ಆಮೇಲೆ ಆ ಅಜ್ಜ ಕಳಿಸಿದ ರೋಗಿಗಳು ನೇರವಾಗಿ, ಬೇಗ ಬರತೊಡಗಿದರು, ಕೆಲವೊಮ್ಮೆ ಅವರೇ ಬೈಕಿನ ಹಿಂದೆ ಕುಳಿತು ಮಗುವನ್ನು ಹಿಡಿದುಕೊಂಡು ಬರುತ್ತಿದ್ದರು.

ಆಶಾ ಕಾರ್ಯಕರ್ತೆಯರ ತರಬೇತಿಯನ್ನೂ ಇದೇ ಮೂರು ಲಕ್ಷಣಗಳಿಗೆ ಇಳಿಸಿದೆವು: ಬೆವರು, ವಾಂತಿ, ತಣ್ಣನೆಯ ಕಾಲು. ಮಕ್ಕಳಾದರೆ ಲಕ್ಷಣಕ್ಕೂ ಕಾಯದೆ 108ಕ್ಕೆ ಕರೆ ಮಾಡಬೇಕು, ಗಾಡಿ ತಡವಾದರೆ ಸಿಕ್ಕ ವಾಹನದಲ್ಲಿ ಹೊರಡಬೇಕು. ಕಡಿದ ಜಾಗ ಕೊಯ್ಯಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು, ಸುಡಬಾರದು. ಪ್ರಾಜೋಸಿನ್ ಮಾತ್ರೆಯನ್ನು ಮನೆಯಲ್ಲಿ ಕೊಡಬಾರದು ಎಂಬುದನ್ನೂ ಅಷ್ಟೇ ಒತ್ತಿ ಹೇಳುತ್ತೇವೆ, ಏಕೆಂದರೆ ರಕ್ತದೊತ್ತಡ ನೋಡುವ ಸಾಧನವಿಲ್ಲದೆ ಅದನ್ನು ಕೊಡುವುದು ಇನ್ನೊಂದು ಅಪಾಯಕ್ಕೆ ದಾರಿ. ಲಕ್ಷಣವಿಲ್ಲದ ಮಕ್ಕಳನ್ನೂ ನಾವು ಒಂದು ದಿನ ಇರಿಸಿಕೊಂಡು ನೋಡುತ್ತೇವೆ. ಶ್ವಾಸಕೋಶದಲ್ಲಿ ನೀರು ತುಂಬುವ ಸುಳಿವು ಕಂಡರೆ, ಆಕ್ಸಿಜನ್ ಮತ್ತು ಮೈಯ ನೀರನ್ನು ಮೂತ್ರದ ಮೂಲಕ ಇಳಿಸುವ ಫ್ಯೂರೋಸೆಮೈಡ್ ಆರಂಭಿಸಿ, ಪ್ರಾಜೋಸಿನ್ ಕೊಟ್ಟ ಹೊತ್ತನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಸೋತ ಹೃದಯಕ್ಕೆ ಬಲ ಕೊಡುವ ಡೊಬ್ಯುಟಮಿನ್, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಮಲಗಿಸಿಕೊಂಡೇ ಕಳಿಸುತ್ತೇವೆ. ಹೀಗೆ ಕಳಿಸುವ ಪ್ರತಿಯೊಂದು ಮಗುವಿನ ಹಿಂದೆ ಒಂದು ಮನೆಯ ಹಣಕಾಸು ಕುಸಿಯುತ್ತದೆ. ಬಾಡಿಗೆ ಗಾಡಿ, ದಿನಗಟ್ಟಲೆ ಕೂಲಿ ನಷ್ಟ, ಸರ್ಕಾರಿ ಹಾಸಿಗೆ ಸಿಗದಿದ್ದರೆ ಖಾಸಗಿ ಐಸಿಯು ಖರ್ಚು, ಅದಕ್ಕಾಗಿ ಮಾಡಿದ ಸಾಲ, ಸಾಲ ತೀರಿಸಲು ಬೆಂಗಳೂರಿಗೋ ಮುಂಬಯಿಗೋ ಗುಳೆ. ಸಾರ್ವಜನಿಕ ಆರೋಗ್ಯದ ಹೊರೆ ಎಂದು ನಾವು ಬರೆಯುವಾಗ ಸಾವಿನ ಸಂಖ್ಯೆಯನ್ನಷ್ಟೇ ನೋಡುತ್ತೇವೆ. ಬದುಕಿ ಉಳಿದವರ ಮನೆಯಲ್ಲಿ ಉಳಿಯುವ ಈ ಲೆಕ್ಕವನ್ನೂ ಅದರಲ್ಲಿ ಸೇರಿಸಬೇಕು.

ತಡೆಗಟ್ಟುವ ಕೆಲಸಕ್ಕೆ ಜನರನ್ನು ಒಪ್ಪಿಸಲು ನೇರಳೆ ಬೆಳಕಿನ ಟಾರ್ಚು ನನಗೆ ನೆರವಾಯಿತು. ಚೇಳಿನ ಹೊರಚಿಪ್ಪಿನಲ್ಲಿರುವ ಕೆಲವು ರಾಸಾಯನಿಕಗಳು ಅತಿನೇರಳೆ ಬೆಳಕು ಬಿದ್ದಾಗ ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತವೆ. ಒಂದು ಅಮಾವಾಸ್ಯೆಯ ಆಸುಪಾಸಿನ ರಾತ್ರಿ, ಊರಿನ ಯುವಕರನ್ನೂ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು, ಬೀದಿ ದೀಪ ಆರಿಸಿ, ಒಂದು ಮನೆಯ ಪರ್ಸಿ ಗೋಡೆಯ ಮೇಲೆ ಆ ಬೆಳಕು ಬಿಟ್ಟೆ. ಬೆನ್ನು ಕೊಟ್ಟು ಕುಳಿತುಕೊಳ್ಳುವ ಜಾಗಕ್ಕೆ ಒಂದು ಗೇಣು ಮೇಲೆ, ಎರಡು ಪದರಗಳ ಸಂದಿನಿಂದ ಅರ್ಧ ಹೊರಬಂದ ಒಂದು ಕೆಂಪು ಚೇಳು ಇಕ್ಕಳಗಳನ್ನು ಮುಂದಕ್ಕೆ ಚಾಚಿ ಅಲುಗಾಡದೆ ಕಾಯುತ್ತಿತ್ತು. ಸ್ವಲ್ಪ ಆಚೆ ಇನ್ನೊಂದು, ಕುಳ್ಳಿನ ಬಣವೆಯ ಬುಡದಲ್ಲಿ ಮತ್ತೊಂದು, ಬೆನ್ನ ಮೇಲೆ ಮರಿಗಳನ್ನು ಹೊತ್ತದ್ದು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಹುಡುಗರು ಸರಿದು ನಿಂತರು. ಆ ಮನೆಯ ಯಜಮಾನತಿ ಮರುದಿನವೇ ಕಟ್ಟಿಗೆ ರಾಶಿಯನ್ನು ಗೋಡೆಯಿಂದ ದೂರ ಹಾಕಿಸಿದರು ಎಂದು ಆಶಾ ಕಾರ್ಯಕರ್ತೆ ತಿಳಿಸಿದರು. ಸಂದುಗಳಿಗೆ ಸಿಮೆಂಟು ಗಾರೆ ಮೆತ್ತುವುದು, ಹಾಸಿಗೆಯನ್ನು ಗೋಡೆಯಿಂದ ಒಂದು ಮೊಳ ದೂರ ಹಾಕುವುದು, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸುವುದು, ಚಪ್ಪಲಿ, ಬಟ್ಟೆ ಕೊಡವುವುದು, ಕಟ್ಟಿಗೆಯನ್ನು ಕೈಯಿಂದ ಎಳೆಯುವ ಮೊದಲು ಕೋಲಿನಿಂದ ತಟ್ಟುವುದು, ರಾತ್ರಿ ಟಾರ್ಚಿಲ್ಲದೆ ಹೊರಹೋಗದಿರುವುದು, ಇವೆಲ್ಲ ಹೇಳಲು ಸಣ್ಣ ಮಾತುಗಳು. ಆದರೆ ಗಾರೆಗೂ ಮಂಚಕ್ಕೂ ಹಣ ಬೇಕು. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಮಾಡುವಾಗ ಚೇಳು ಕಡಿತ ಹೆಚ್ಚಿರುವ ಓಣಿಗಳಿಗೆ ಆದ್ಯತೆ ಕೊಡಿ ಎಂದು ನಾನು ಗ್ರಾಮ ಪಂಚಾಯಿತಿಗೆ ಬರೆದುಕೊಟ್ಟದ್ದು ಆರೋಗ್ಯ ಇಲಾಖೆಯ ಕೆಲಸವೇ ಎಂದು ಕೆಲವರು ಕೇಳಿದರು. ಆರೋಗ್ಯದ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ ಎಂದು ನಾನು ಈಗಲೂ ವಾದಿಸುತ್ತೇನೆ.

ಇನ್ನೂ ಬಗೆಹರಿಯದ ಒಂದು ತೊಡಕಿದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಪ್ರಾಜೋಸಿನ್, ರಕ್ತದೊತ್ತಡದವರಿಗೆಂದು ತಯಾರಾದ, ನಿಧಾನವಾಗಿ ಕರಗುವ ಮಾತ್ರೆ. ಅದನ್ನು ಮುರಿದರೆ ಅಥವಾ ಪುಡಿ ಮಾಡಿದರೆ ಅದರ ರಚನೆಯೇ ಕೆಡುತ್ತದೆ, ಹೀಗಾಗಿ ಹತ್ತು ಹದಿನೈದು ಕಿಲೋ ತೂಕದ ಮಗುವಿಗೆ ಅಳತೆ ಮಾಡಿ ಕೊಡಲು ಬರುವುದಿಲ್ಲ. ನಮಗೆ ಬೇಕಾದದ್ದು ಒಂದು ಮಿಲಿಗ್ರಾಂನ ಸಾದಾ ಮಾತ್ರೆ. ಅಗ್ಗವಾದದ್ದರಿಂದಲೋ ಏನೋ, ಅದನ್ನು ಅಂಗಡಿಯವರು ತರಿಸುವುದು ಕಡಿಮೆ. ಒಂದು ಬೇಸಿಗೆಯಲ್ಲಿ ಅದಕ್ಕಾಗಿ ನಾವು ಊರೂರು ಫೋನ್ ಮಾಡಿ ಹುಡುಕಬೇಕಾಯಿತು. ಈಗ ಮಾರ್ಚ್ ಆರಂಭಕ್ಕೆ ಮುನ್ನವೇ, ಹಿಂದಿನ ವರ್ಷದ ಪ್ರಕರಣಗಳ ಲೆಕ್ಕವನ್ನು ಲಗತ್ತಿಸಿ ಇಂಡೆಂಟು ಕಳಿಸುತ್ತೇವೆ. ಆ ಲೆಕ್ಕ ಸಿಗುವುದು ರಿಜಿಸ್ಟರಿನಿಂದ. 'ಕೀಟ ಕಡಿತ' ಎಂಬ ಸಾಲನ್ನು ಬಿಡಿಸಿ ಚೇಳಿಗೆ ಬೇರೆ ಪುಟ ಹಾಕಿದ್ದೇವೆ. ಕಡಿದ ಹೊತ್ತು, ಕಡಿದ ಜಾಗ, ಆಸ್ಪತ್ರೆ ಮುಟ್ಟಿದ ಹೊತ್ತು, ನಡುವೆ ಎಲ್ಲಿಗೆ ಹೋಗಿದ್ದರು, ಕಾಲು ತಣ್ಣಗಿತ್ತೇ, ಪ್ರಾಜೋಸಿನ್ ಕೊಟ್ಟ ಹೊತ್ತು, ಕಾಲು ಬೆಚ್ಚಗಾದ ಹೊತ್ತು, ಇಷ್ಟು ಅಂಕಣಗಳು. ರಾತ್ರಿ ಪಾಳಿಯ ನರ್ಸ್‌ಗಳು ಅವನ್ನು ತಪ್ಪದೆ ತುಂಬುತ್ತಾರೆ. ಪಕ್ಕದ ಎರಡು ಕೇಂದ್ರಗಳ ವೈದ್ಯರು ಅದೇ ಪುಟವನ್ನು ನಕಲು ಮಾಡಿಕೊಂಡು ಬಳಸತೊಡಗಿದ್ದಾರೆ. ಹಾವಿನ ಕಡಿತದ ವರದಿ ನಮೂನೆಗೆ ಇದೇ ಅಂಕಣಗಳನ್ನು ಸೇರಿಸಿ, ಚೇಳಿನ ಕಡಿತವನ್ನೂ ಅಧಿಸೂಚಿತ ಪಟ್ಟಿಗೆ ತರಬೇಕೆಂದು ನಾವು ಮೂರೂ ಕೇಂದ್ರಗಳವರು ಸೇರಿ ಮೇಲಿನ ಕಚೇರಿಗೆ ಮನವಿ ಸಲ್ಲಿಸಿದ್ದೇವೆ.